ಪೆಗ್ಗೀಸ್ ಕೋವ್ ಬಿಟ್ಟು ನಾವು ಹ್ಯಾಲಿಫ್ಯಾಕ್ಸ್‌ನಲ್ಲಿ ನೋಡಿದ್ದು

ಗುರುವಾರ

ಟೊರಾಂಟೊ ಕಡೆ ಇರೋ ನಮ್ಮ ಕನ್ನಡದೋರು ಕೆನಡಾದ ಪೂರ್ವ ತುದಿಯ ನೋವಾ ಸ್ಕೋಶಿಯಾ ಪ್ರಾಂತ್ಯಕ್ಕೆ ಹೋದ್ರೆ ನೋಡ್ಕೊಂಡು ಬರೋದು ಪೆಗ್ಗೀಸ್ ಕೋವ್ ಲೈಟ್‌ಹೌಸು, ಕ್ಯಾಬಟ್ ಟ್ರೇಲು, ತಿನ್ನೋರಾದ್ರೆ ಒಂದು ಲಾಬ್‌ಸ್ಟರ್ ಊಟ, ಅಷ್ಟೇ. ನಾವು ಈ ಸಲ ಅದ್ಯಾವುದೂ ಬೇಡ ಅಂದ್ಕೊಂಡೇ ಹೊರಟ್ವಿ. ಕಾರಣ ಮಗಳ ಸ್ಕೂಲ್ ಪ್ರಾಜೆಕ್ಟು. ಫೆಬ್ರವರಿ ಬಂತು ಅಂದ್ರೆ ಇಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್, ಅವಳಿಗೆ ಸಿಕ್ಕಿದ ವಿಷ್ಯ ಆಫ್ರಿಕ್‌ವಿಲ್, ಹ್ಯಾಲಿಫ್ಯಾಕ್ಸ್ ಅಂಚಲ್ಲಿ ಕಡಲ ದಡದ ಮೇಲಿದ್ದ ಕಪ್ಪು ಜನರ ಒಂದು ಊರು, 1964ರಿಂದ 1970ರ ಒಳಗೆ ಸಿಟಿಯೋರು ಅದನ್ನ ಪೂರ್ತಿ ಎಬ್ಬಿಸಿಬಿಟ್ರು. ಚಾರ್ಟಿಗೆ ಫೋಟೋ ಅಂಟಿಸಿ ಕೊಡ್ತಾ 1964 ಅಂತ ಓದಿದ ಕೂಡ್ಲೇ ನಂಗೆ ನೆನಪಾಗಿದ್ದು ಲಿಂಗನಮಕ್ಕಿ. ಆ ಡ್ಯಾಮ್ ಮುಗಿದಿದ್ದೂ ಅದೇ ವರ್ಷ, ನಮ್ಮ ಅಜ್ಜನ ಮನೆ, ತೋಟ ಎಲ್ಲ ಶರಾವತಿ ಹಿನ್ನೀರಿಗೆ ಹೋಗಿದ್ದೂ ಆವಾಗಲೇ. ಎರಡೂ ಒಂದೇ ಅಂತ ಹೇಳೋಕೆ ನಾನು ಹೊರಟಿಲ್ಲ, ಅಲ್ಲಿದ್ದಿದ್ದು ಮೈಬಣ್ಣದ ಲೆಕ್ಕ, ನಮ್ಮಲ್ಲಿದ್ದಿದ್ದು ಕರೆಂಟಿನ ಲೆಕ್ಕ. ಆದ್ರೆ ಎದ್ದು ಹೋದ ಜನ ಆಮೇಲೆ ಹೆಂಗೆ ಒಟ್ಟಿಗೆ ಉಳ್ಕೊಂಡ್ರು ಅನ್ನೋದನ್ನ ಕಣ್ಣಾರೆ ನೋಡ್ಬೇಕು ಅನ್ನಿಸ್ತು.

ಏರ್‌ಪೋರ್ಟ್‌ನಲ್ಲಿ ಬಾಡಿಗೆ ಕಾರು ತಗೊಂಡು ಹ್ಯಾಲಿಫ್ಯಾಕ್ಸ್‌ನ ನಾರ್ತ್ ಎಂಡ್ ಅನ್ನೋ ಹಳೇ ಬಡಾವಣೇಲಿ ಹಿಡಿದಿದ್ದ ರೂಮಿಗೆ ಬಂದಾಗ ಮಧ್ಯಾಹ್ನ ಆಗಿತ್ತು. ಸಂಜೆ ಗಾಟಿಂಗನ್ ಸ್ಟ್ರೀಟ್ ಉದ್ದಕ್ಕೂ ನಡೆದ್ವಿ. ಹಳೇ ಇಟ್ಟಿಗೆ ಮನೆಗಳ ಮಧ್ಯ ಮಧ್ಯ ಹೊಸಾ ಕಾಂಡೋಗಳು ಎದ್ದಿವೆ, ಕಾಫಿ ಅಂಗಡಿಗಳೂ ತುಂಬ್ಕೊಂಡಿವೆ, ಇಲ್ಲಿಯ ಹಳೇ ಬಾಡಿಗೆದಾರರಿಗೆ ಇನ್ನು ಎಷ್ಟು ದಿನ ಕೈಗೆಟುಕುತ್ತೋ ಈ ರಸ್ತೆ. ಮಗಳು ಪರ್ಸಿಂದ ಹತ್ತು ಡಾಲರ್ ನೋಟು ತೆಗೆದ್ಲು. ಅದರಲ್ಲಿರೋದು ವಯೋಲಾ ಡೆಸ್ಮಂಡ್ ಚಿತ್ರ, 2018ರಲ್ಲಿ ಬಂದ, ನಿಲುವಾಗಿ ಹಿಡಿದು ನೋಡೋ ನೋಟು, ಆಕೆಯ ಹಿಂದೆ ಸಣ್ಣ ಗೆರೆಗಳಲ್ಲಿ ಇದೇ ನಾರ್ತ್ ಎಂಡ್‌ನ ಮ್ಯಾಪ್ ಇದೆ. ಇಷ್ಟು ವರ್ಷ ಕೆನಡಾದಲ್ಲಿದ್ದು ನಾವ್ಯಾರೂ ಅದನ್ನ ಗಮನಿಸಿರ್ಲಿಲ್ಲ, ಅವಳು ನೋಟನ್ನ ಮೊಬೈಲ್ ಮ್ಯಾಪ್ ಪಕ್ಕ ಹಿಡಿದು ನಾವು ಈಗ ಇಲ್ಲಿದೀವಿ ಅಂತ ಬೆರಳಿಟ್ಟು ತೋರಿಸಿದ್ಲು.

ವಯೋಲಾ ಇದೇ ಬೀದೀಲಿ ಬ್ಯೂಟಿ ಪಾರ್ಲರ್ ಇಟ್ಕೊಂಡಿದ್ರು, ಕಪ್ಪು ಹೆಣ್ಣುಮಕ್ಕಳಿಗೆ ಆ ಕೆಲಸ ಕಲಿಸೋ ಶಾಲೆನೂ ನಡೆಸ್ತಿದ್ರು. 1946ರ ನವೆಂಬರ್ 8, ಕೆಲಸದ ಮೇಲೆ ಹೋಗ್ತಾ ಇದೇ ಪ್ರಾಂತ್ಯದ ನ್ಯೂ ಗ್ಲಾಸ್ಗೋ ಊರಲ್ಲಿ ಕಾರು ಕೆಟ್ಟು ನಿಂತು, ರಿಪೇರಿ ಆಗೋ ತನಕ ಅಂತ ರೋಸ್‌ಲ್ಯಾಂಡ್ ಥಿಯೇಟರಿಗೆ ಹೋದ್ರು. ಕೆಳಗಿನ ಸೀಟಲ್ಲಿ ಕೂತ್ರು, ಕಪ್ಪು ಜನ ಬಾಲ್ಕನೀಲಿ ಕೂರ್ಬೇಕು ಅಂದ್ರು, ಹೆಚ್ಚಿನ ದುಡ್ಡು ಕೊಡ್ತೀನಿ ಅಂದ್ರೂ ಕೇಳದೆ ಎಳ್ಕೊಂಡು ಹೋಗಿ ರಾತ್ರಿಯಿಡೀ ಲಾಕಪ್ಪಲ್ಲಿ ಇಟ್ರು. ಮಾರನೇ ದಿನ ಕೋರ್ಟಲ್ಲಿ ಹಾಕಿದ ಕೇಸು ಏನು ಗೊತ್ತಾ, ಕೆಳಗಿನ ಸೀಟಿಗೂ ಬಾಲ್ಕನಿ ಸೀಟಿಗೂ ಟಿಕೆಟ್ ಮೇಲಿನ ಟ್ಯಾಕ್ಸಲ್ಲಿ ಇದ್ದ ಒಂದು ಸೆಂಟ್ ವ್ಯತ್ಯಾಸ ಕಟ್ಟಿಲ್ಲ ಅಂತ! ಬಣ್ಣದ ಮಾತೇ ಕಾಗದದಲ್ಲಿ ಬರ್ಲಿಲ್ಲ. ಖರ್ಚು ಸೇರಿ 26 ಡಾಲರ್ ದಂಡ. ಕ್ಷಮೆ ಸಿಕ್ಕಿದ್ದು 2010ರಲ್ಲಿ, ಆಕೆ ತೀರ್ಕೊಂಡು 45 ವರ್ಷ ಆದ್ಮೇಲೆ.

ಈ ಕಥೇಲಿ ಜನ ಬಿಟ್ಟು ಹೋಗೋ ಭಾಗ ಒಂದಿದೆ. ವಯೋಲಾ ಒಬ್ರೇ ಹೋರಾಡಿದ್ದಲ್ಲ. ಕಪ್ಪು ಜನರ ಏಳಿಗೆಗೆ ಅಂತ 1945ರಲ್ಲಿ ಒಂದು ಸಂಘ ಶುರುವಾಗಿತ್ತು, ಎನ್‌ಎಸ್‌ಎಎಸಿಪಿ ಅಂತ, ಅವರು ಚಂದಾ ಎತ್ತಿ ಅಪೀಲಿಗೆ ದುಡ್ಡು ಕೂಡಿಸಿದ್ರು. ನ್ಯೂ ಗ್ಲಾಸ್ಗೋದಲ್ಲಿ ಕ್ಯಾರಿ ಬೆಸ್ಟ್ ಅನ್ನೋರು ತಮ್ಮ ಪತ್ರಿಕೆ ಕ್ಲ್ಯಾರಿಯನ್‌ನಲ್ಲಿ ಸುದ್ದಿನ ಬಿಡದೆ ಬರೆದ್ರು. ಇದರ ಹಿಂದೆ ನಿಂತೋರು ಇದೇ ಬೀದಿ ಪಕ್ಕದ ಚರ್ಚಿನ ಪಾದ್ರಿ ವಿಲಿಯಂ ಪರ್ಲಿ ಆಲಿವರ್, ಅವರ ಹೆಂಡ್ತಿ ಪರ್ಲೀನ್ ಆಲಿವರ್. ಕಪ್ಪು ಹುಡುಗೀರನ್ನ ನರ್ಸಿಂಗ್ ಕಾಲೇಜಿಗೆ ಸೇರಿಸ್ಕೊಳ್ಳಿ ಅಂತ ಹೋರಾಡಿದ್ದೂ ಪರ್ಲೀನ್ ಅವರೇ. ಅಪೀಲ್ ಸೋತ್ರು, ಸಂಘ ಮಾತ್ರ ಉಳೀತು. ಆ ಚರ್ಚು 1832ರದ್ದು, ಈಗಿನ ಹೆಸರು ನ್ಯೂ ಹೊರೈಜನ್ಸ್. ನಾವು ಹೋದಾಗ ಬಾಗಿಲು ಹಾಕಿತ್ತು, ಹೊರಗಿಂದಾನೇ ನೋಡಿ ಬಂದ್ವಿ.

ಶುಕ್ರವಾರ

ಬೆಳಿಗ್ಗೆ ಹಾರ್ಬರ್ ಸೇತುವೆ ದಾಟಿ ಡಾರ್ಟ್‌ಮತ್ ಆಚೆ ಚೆರ್ರಿ ಬ್ರೂಕಿಗೆ ಹೋದ್ವಿ, ಬ್ಲ್ಯಾಕ್ ಕಲ್ಚರಲ್ ಸೆಂಟರ್ ಇರೋದು ಅಲ್ಲಿ. ನಿನ್ನೆ ಹೇಳಿದ ಪಾದ್ರಿ ಆಲಿವರ್ 70ರ ದಶಕದಲ್ಲಿ ಕಂಡ ಕನಸಿದು, 1977ರಲ್ಲಿ ಸೊಸೈಟಿ ಆಯ್ತು, 1983ರಲ್ಲಿ ಕಟ್ಟಡ ತೆರೀತು. ನೋವಾ ಸ್ಕೋಶಿಯಾದಲ್ಲಿ ಕಪ್ಪು ಮಕ್ಕಳಿಗೇ ಅಂತ ಬೇರೆ ಇದ್ದ ಕೊನೇ ಶಾಲೆ ಮುಚ್ಚಿದ್ದೂ ಅದೇ 1983ರಲ್ಲಿ. ನಾನು ಹುಟ್ಟಿದ ಮೇಲೆ! ಕೆನಡಾ ಅಂದ್ರೆ ಮೊದಲಿಂದ ಒಳ್ಳೇವ್ರು, ತಪ್ಪೆಲ್ಲ ಅಮೆರಿಕದೋರದ್ದು ಅಂತ ನಮ್ಮಂಥ ವಲಸೆ ಬಂದೋರು ನಂಬ್ಕೊಂಡಿರ್ತೀವಲ್ಲ, ಅದು ಬಾಗಿಲ ಹತ್ರಾನೇ ಉದುರಿಹೋಯ್ತು.

ಈ ಕಡೆ ಪ್ರೆಸ್ಟನ್, ಚೆರ್ರಿ ಬ್ರೂಕ್, ಲೇಕ್ ಲೂನ್ ಎಲ್ಲ ಕಪ್ಪು ಜನರ ಹಳೇ ಊರುಗಳು, ಪ್ರಾಂತ್ಯದಲ್ಲಿ ಇಂಥವು ಐವತ್ತಕ್ಕೂ ಹೆಚ್ಚಿವೆಯಂತೆ. ಅವರು ತಮ್ಮನ್ನ ಕರ್ಕೊಳ್ಳೋದು ಆಫ್ರಿಕನ್ ನೋವಾ ಸ್ಕೋಶಿಯನ್ಸ್ ಅಂತ, ಇತ್ತೀಚೆಗೆ ಬಂದ ಜಮೈಕಾದೋರು, ನೈಜೀರಿಯಾದೋರು ಬೇರೆ. ಇವರು ಇನ್ನೂರು ವರ್ಷಕ್ಕೂ ಹಿಂದಿನೋರು. 1783ರಲ್ಲಿ ಅಮೆರಿಕದ ಕ್ರಾಂತಿ ಮುಗಿದಾಗ ಬ್ರಿಟಿಷರ ಕಡೆ ಇದ್ದ ಸುಮಾರು ಮೂರು ಸಾವಿರ ಕಪ್ಪು ಜನ, ಬ್ಲ್ಯಾಕ್ ಲಾಯಲಿಸ್ಟ್‌ಗಳು ಅಂತಾರೆ ಅವರಿಗೆ, ನ್ಯೂಯಾರ್ಕಿಂದ ಹಡಗು ಹತ್ತಿದ್ರು, 1796ರಲ್ಲಿ ಜಮೈಕಾದಿಂದ ಗಡೀಪಾರಾದ ಮರೂನರು, ಅಂದ್ರೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಗುಡ್ಡಗಾಡು ಸೇರಿದ್ದೋರ ವಂಶದೋರು, ಬಂದ್ರು, 1812ರ ಯುದ್ಧದಲ್ಲಿ ಅಮೆರಿಕದ ತೋಟಗಳಿಂದ ತಪ್ಪಿಸ್ಕೊಂಡು ಇನ್ನೊಂದು ಎರಡು ಸಾವಿರ ಜನ ಬಂದ್ರು. ಪ್ರೆಸ್ಟನ್‌ನ ಈಗಿನ ಮನೆತನಗಳಲ್ಲಿ ಜಾಸ್ತಿ ಈ ಕೊನೇ ಗುಂಪಿನೋರು.

ಒಳಗೆ ತುಂಬ ಇದೆ, ಎಲ್ಲ ಹೇಳೋಕಾಗಲ್ಲ. ಮೊದಲನೇ ಮಹಾಯುದ್ಧಕ್ಕೆ ಸೇರೋಕೆ ಹೋದ ಕಪ್ಪು ಹುಡುಗರನ್ನ ಇದು ಬಿಳಿಯರ ಯುದ್ಧ ಅಂತ ವಾಪಸ್ ಕಳಿಸಿದ್ದು, ಆಮೇಲೆ 1916ರಲ್ಲಿ ನಂಬರ್ ಟೂ ಕನ್‌ಸ್ಟ್ರಕ್ಷನ್ ಬೆಟಾಲಿಯನ್ ಅಂತ ಮಾಡಿ ಫ್ರಾನ್ಸಲ್ಲಿ ಮರ ಕಡಿಯೋಕೆ ಹಚ್ಚಿದ್ದು, ಅದಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2022ರಲ್ಲಿ. ನಾವು ಜಾಸ್ತಿ ಹೊತ್ತು ನಿಂತಿದ್ದು ವಿಲಿಯಂ ಹಾಲ್ ಕಥೆ ಮುಂದೆ. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದೋರ ಮಗ, ಬ್ರಿಟಿಷ್ ನೌಕಾಪಡೆ ಸೇರಿದ, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಕಪ್ಪು ಮನುಷ್ಯ. ಎಲ್ಲಿ ಸಿಕ್ತು ಅಂತ ನೋಡಿದ್ರೆ ಲಖ್ನೋ! 1857ರ ನವೆಂಬರ್ 16, ಷಾ ನಜಫ್ ಗೋಡೆ ಹತ್ರ ಫಿರಂಗಿ ನಡೆಸ್ತಿದ್ದೋರೆಲ್ಲ ಬಿದ್ದ ಮೇಲೂ ಹಾಲ್ ಮತ್ತೆ ಒಬ್ಬ ಲೆಫ್ಟಿನೆಂಟ್ ಇಬ್ರೇ ನಿಂತು ಗೋಡೆ ಒಡೆಯೋ ತನಕ ಗುಂಡು ಹಾರಿಸಿದ್ರಂತೆ. "ಅಮ್ಮಾ, ಹಂಗಾದ್ರೆ ಇವ್ರು ನಮ್ಮೋರ ಮೇಲೇ ಹೊಡೆದಿದ್ದಲ್ವಾ?" ಅಂದ್ಲು ಮಗಳು. ಹೌದು ಅಂದೆ. ಇನ್ನೇನು ಹೇಳ್ಲಿ, ನರಗುಂದದಲ್ಲಿ ಬಾಬಾಸಾಹೇಬರ ಕೋಟೆಗೆ ಬಂದ ಕಂಪನಿ ಸೈನ್ಯದಲ್ಲಿ ನಮ್ಮ ಸೀಮೆ ಜನಾನೇ ಇರ್ಲಿಲ್ವಾ. ನಮ್ಮನೆಯವರು ಮಾತ್ರ ಆ ಬೋರ್ಡಿನ ಮುಂದೆ ಸುಮಾರು ಹೊತ್ತು ಏನೂ ಮಾತಾಡದೆ ನಿಂತಿದ್ರು, ಆಮೇಲೆ "ಅವನಿಗೆ ಬೇರೆ ಯಾವ ಕೆಲಸ ಕೊಡ್ತಿದ್ರು ಮಾರಾಯ್ತಿ" ಅಂದು ಮುಂದೆ ಹೋದ್ರು.

ಪ್ರೆಸ್ಟನ್‌ನ ಬುಟ್ಟಿಗಳದ್ದು ಬೇರೇನೇ ಚಂದ. ಕೆಂಪು ಮೇಪಲ್ ಮರದ ಕಟ್ಟಿಗೆನ ತೆಳ್ಳಗೆ ಪಟ್ಟಿ ಪಟ್ಟಿ ಸೀಳಿ ಹೆಣೀತಾರೆ, ನಮ್ಮ ಮೇದರು ಬಿದಿರು ಸೀಳಿದಂಗೆ. ಈಡಿತ್ ಕ್ಲೇಟನ್ ಅನ್ನೋರು ಈ ಕೆಲಸಕ್ಕೆ ಹೆಸರಾದೋರು, ತಾಯಿಂದ ಕಲಿತಿದ್ದನ್ನ ತಾವು ಇಟ್ಕೊಂಡು ಕೂರದೆ ಕ್ಲಾಸ್ ಮಾಡಿ ಕಲಿಸಿದ್ರು. ಹಿಂದೆ ಇಲ್ಲಿಯ ಹೆಂಗಸರು ಹೂವು, ಹಣ್ಣು, ಬುಟ್ಟಿ ಹೊತ್ಕೊಂಡು ಹ್ಯಾಲಿಫ್ಯಾಕ್ಸ್ ಸಂತೆಗೆ ಹೋಗಿ ಮಾರ್ಕೊಂಡು ಬರ್ತಿದ್ರು, ನೆಲ ಅಷ್ಟು ಕಲ್ಲು, ಬೆಳೆ ಸಾಲ್ತಿರ್ಲಿಲ್ಲ.

ಆ ನೆಲದ ವಿಷ್ಯಕ್ಕೇ ಬಂದೆ. ಅಲ್ಲಿದ್ದ ಹಿರಿಯರೊಬ್ರ ಹತ್ರ ಮಾತಾಡ್ತಾ ಇದ್ದಾಗ ಜಮೀನಿನ ದಾಖಲೆ ಮಾತು ಬಂತು. 1812ರ ಯುದ್ಧ ಆದ್ಮೇಲೆ ಇವರಿಗೆ ಸರ್ಕಾರ ಹತ್ತತ್ತು ಎಕರೆ ತುಂಡು ಕೊಟ್ಟಿದ್ದೇನೋ ಹೌದು, ಪತ್ರ ಕೊಡ್ಲಿಲ್ಲ. ಬಿಳಿಯರಿಗೆ ಕ್ರಯಪತ್ರದಂಥ ಪಕ್ಕಾ ದಾಖಲೆ, ಇವರಿಗೆ ಬರೀ ಟಿಕೆಟ್ ಆಫ್ ಲೊಕೇಶನ್, ಅಂದ್ರೆ ಇಲ್ಲಿ ಇರ್ಬಹುದು, ಉಳ್ಬಹುದು ಅನ್ನೋ ಚೀಟಿ. ಬಗರ್‌ಹುಕುಂ ಅರ್ಜಿ ಹಾಕಿ ತಾಲ್ಲೂಕಾಫೀಸಿಗೆ ಅಲೆದೋರ ಮನೇಲಿ ಬೆಳೆದ ನಂಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ಪತ್ರ ಇಲ್ಲ ಅಂದ್ರೆ ಬ್ಯಾಂಕ್ ಸಾಲ ಇಲ್ಲ, ಮನೆ ರಿಪೇರಿಗೆ ಸಬ್ಸಿಡಿ ಇಲ್ಲ, ಮಕ್ಕಳಿಗೆ ಭಾಗ ಮಾಡಿ ಕೊಡೋ ಹಂಗಿಲ್ಲ, ಮಾರೋ ಹಂಗಂತೂ ಇಲ್ವೇ ಇಲ್ಲ. ತೆರಿಗೆ ಮಾತ್ರ ಕಟ್ಬೇಕು. 1963ರಲ್ಲಿ ಇದನ್ನ ಸರಿ ಮಾಡೋಕೆ ಅಂತ ಒಂದು ಕಾನೂನು ಮಾಡಿದ್ರು, ಕೆಲಸ ಪೂರ್ತಿ ಆಗ್ಲಿಲ್ಲ, 2017ರಲ್ಲಿ ಮತ್ತೆ ಲ್ಯಾಂಡ್ ಟೈಟಲ್ಸ್ ಇನಿಶಿಯೇಟಿವ್ ಅಂತ ಐದು ಊರಿಗೆ ಶುರು ಮಾಡಿದ್ರು, ವಕೀಲರ ಖರ್ಚು, ಸರ್ವೇ ಖರ್ಚು ಸರ್ಕಾರದ್ದು. ಇಪ್ಪತ್ತು ವರ್ಷ ಸ್ವಾಧೀನದಲ್ಲಿತ್ತು ಅಂತ ರುಜುವಾತು ಮಾಡಿ ಅಂತ ಅಧಿಕಾರಿಗಳು ಹಟ ಹಿಡಿದು ನಾರ್ತ್ ಪ್ರೆಸ್ಟನ್‌ನ ಒಬ್ರ ಅರ್ಜಿ ತಿರಸ್ಕರಿಸಿದ್ರು, ಅವರು ಕೋರ್ಟಿಗೆ ಹೋದ್ರು, 2020ರಲ್ಲಿ ಜಡ್ಜು ಆ ಷರತ್ತು ನ್ಯಾಯ ಅಲ್ಲ ಅಂತ ತೀರ್ಪು ಕೊಟ್ರು. ಇದೆಲ್ಲ ತಾನಾಗೇ ಆಗಿದ್ದಲ್ಲ, ಊರಿನ ಸಂಘಗಳು, ಚರ್ಚಿನೋರು ಮನೆ ಮನೆಗೆ ಹೋಗಿ ಯಾರ ಅಜ್ಜ ಯಾರು, ಯಾವ ಬೇಲಿ ಯಾವಾಗ ಹಾಕಿದ್ದು ಅಂತ ವಂಶವೃಕ್ಷ ಬರೆಸಿ, ಅಫಿಡವಿಟ್ ಮಾಡಿಸಿ, ವರ್ಷಗಟ್ಟಲೆ ಸಹಿ ಹಾಕಿಸಿದ್ದು.

ನಂಗೆ ಇಲ್ಲೇ ಒಂದು ವಿಷ್ಯ ಗಟ್ಟಿಯಾಯ್ತು. ಸಂಸ್ಕೃತಿ ಉಳಿಸೋದು ಅಂದ್ರೆ ಹಾಡು, ಕುಣಿತ, ಊಟ ಅಂತ ನಾವು ಅಂದ್ಕೊಳ್ತೀವಿ, ನಮ್ಮ ಕನ್ನಡ ಸಂಘದಲ್ಲೂ ರಾಜ್ಯೋತ್ಸವಕ್ಕೆ ಒಂದು ನಾಟಕ, ಗಣೇಶನ ಹಬ್ಬಕ್ಕೆ ಒಂದು ಊಟ ಆದ್ರೆ ಮುಗೀತು. ಇಲ್ಲಿಯೋರಿಗೆ ಸಂಸ್ಕೃತಿ ಅಂದ್ರೆ ಮೊದಲು ಫೈಲು. ಯಾರ ಹೆಸರು ಯಾವ ರಿಜಿಸ್ಟರಲ್ಲಿದೆ ಅನ್ನೋದು ಗೊತ್ತಿದ್ರೆ ಮಾತ್ರ ಮನೆ ಉಳಿಯುತ್ತೆ, ಮನೆ ಉಳಿದ್ರೆ ಹಾಡು.

ವಾಪಸ್ ಬರೋ ದಾರೀಲೇ ಅಕೋಮಾ ಅನ್ನೋ ಸಂಸ್ಥೆಯ ಜಾಗ ಇದೆ. ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚನೆ ಬಂತು, ಬರೀತೀನಿ. ಬಿಳಿಯರ ಅನಾಥಾಶ್ರಮಗಳು ಕಪ್ಪು ಮಕ್ಕಳನ್ನ ತಗೊಳ್ತಿರ್ಲಿಲ್ಲ ಅಂತ ಈ ಸಮುದಾಯದೋರೇ ಚಂದಾ ಎತ್ತಿ 1921ರಲ್ಲಿ ಇಲ್ಲೊಂದು ಆಶ್ರಮ ತೆರೆದ್ರು, ನೋವಾ ಸ್ಕೋಶಿಯಾ ಹೋಮ್ ಫಾರ್ ಕಲರ್ಡ್ ಚಿಲ್ಡ್ರನ್. ಹೆಮ್ಮೆಯ ಸಂಸ್ಥೆ. ಆದ್ರೆ ಅದರೊಳಗೆ ದಶಕಗಳ ಕಾಲ ಮಕ್ಕಳ ಮೇಲೆ ಹೊಡೆತ, ಲೈಂಗಿಕ ದೌರ್ಜನ್ಯ ಎಲ್ಲ ನಡೀತು, ಸರ್ಕಾರ ಕಣ್ಮುಚ್ಕೊಂಡಿತ್ತು. ಅಲ್ಲಿ ಬೆಳೆದೋರೇ ಒಟ್ಟಾಗಿ ಕೋರ್ಟಿಗೆ ಹೋದ್ರು, 2014ರಲ್ಲಿ ಆಗಿನ ಪ್ರೀಮಿಯರ್, ಅಂದ್ರೆ ಪ್ರಾಂತ್ಯದ ಮುಖ್ಯಮಂತ್ರಿ, ಸ್ಟೀಫನ್ ಮೆಕ್‌ನೀಲ್ ಕ್ಷಮೆ ಕೇಳಿದ್ರು, ಆಮೇಲೆ ವಿಚಾರಣೆ ಆಗಿ 2019ರಲ್ಲಿ ವರದಿ ಬಂತು. ನಮ್ಮೋರೇ ಕಟ್ಟಿದ ಸಂಸ್ಥೆ ಅಂತ ಊರು ಎಷ್ಟೋ ವರ್ಷ ಸುಮ್ನಿತ್ತು, ಹೊರಗಿನೋರು ಆಡ್ಕೊಳ್ತಾರೆ ಅನ್ನೋ ಭಯ. ಈ ಭಯ ನಮ್ಮ ಮಠ, ಹಾಸ್ಟೆಲ್ಲುಗಳ ವಿಷ್ಯದಲ್ಲಿ ನಮಗೂ ಗೊತ್ತಿರೋದೇ. ಇವರು ಮಾಡಿದ್ದೇನಂದ್ರೆ ಆ ಕಟ್ಟಡನ ಒಡೆದು ಹಾಕ್ಲಿಲ್ಲ. ಅಲ್ಲಿ ಬೆಳೆದೋರ ಜೊತೆ ಕೂತು ಮಾತಾಡಿ, ರಿಪೇರಿ ಮಾಡಿ ಸಮುದಾಯದ ಕೆಲಸಗಳಿಗೆ ತೆರೆದ್ರು, ಈಗ ಅದರ ಹೆಸರು ಕಿನ್ನಿ ಪ್ಲೇಸ್. ಸುತ್ತಲಿನ ಮುನ್ನೂರು ಎಕರೆಗೂ ಹೆಚ್ಚಿನ ಜಾಗ ಅಕೋಮಾ ಕೈಲಿದೆ, ಮನೆ ಬಿಡ್ಬೇಕಾಗಿ ಬಂದ ಮಕ್ಕಳಿಗೆ ಅಣ್ಣ ತಮ್ಮ ಅಕ್ಕ ತಂಗಿ ಬೇರೆ ಆಗದಂಗೆ ಒಟ್ಟಿಗಿರೋಕೆ ಫ್ಯಾಮಿಲಿ ಸೆಂಟರ್ ನಡೆಸ್ತಾರೆ. ನಾವು ರಸ್ತೆಯಿಂದಾನೇ ನೋಡಿದ್ವಿ, ಒಳಗೆ ಹೋಗಿ ಇಣುಕೋಕೆ ಮನಸ್ಸು ಬರ್ಲಿಲ್ಲ.

ರಾತ್ರಿ ಸಾಗರಕ್ಕೆ ವಾಟ್ಸ್ಯಾಪ್ ಕಾಲ್ ಮಾಡಿ ಅಪ್ಪಯ್ಯಂಗೆ ಟಿಕೆಟ್ ಆಫ್ ಲೊಕೇಶನ್ ಕಥೆ ಹೇಳ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಸರ್ವೇ ಖರ್ಚು ನಿಜಕ್ಕೂ ಸರ್ಕಾರಾನೇ ಕೊಡ್ತದಾ?"

ಶನಿವಾರ

1783ರಲ್ಲಿ ನ್ಯೂಯಾರ್ಕಿಂದ ಬಂದ ಕಪ್ಪು ಜನ ನೆಲೆಸಿದ ಊರು ಬರ್ಚ್‌ಟೌನ್. ದೂರ, ಹೆದ್ದಾರಿ 103ರಲ್ಲಿ ಎರಡೂವರೆ ಗಂಟೆ, ಎರಡೂ ಕಡೆ ಬರೀ ಸ್ಪ್ರೂಸ್ ಮರ, ಅಲ್ಲಲ್ಲಿ ಕೆರೆ. ಪುಳಿಯೋಗರೆ ಕಲಸ್ಕೊಂಡು ಹೊರಟಿದ್ದು ಒಳ್ಳೇದಾಯ್ತು, ದಾರೀಲಿ ಸಿಕ್ಕಿದ್ದೆಲ್ಲ ಮೀನು.

1783ರಲ್ಲಿ ನ್ಯೂಯಾರ್ಕ್ ಬಿಡೋವಾಗ ಬ್ರಿಟಿಷರು ಹಡಗು ಹತ್ತಿದ ಪ್ರತಿ ಕಪ್ಪು ಮನುಷ್ಯನ ಹೆಸರು, ವಯಸ್ಸು, ಮೈಕಟ್ಟು, ಯಾರ ಗುಲಾಮ ಆಗಿದ್ದ, ಯಾವ ಹಡಗು ಅಂತ ಒಂದು ಲೆಡ್ಜರಲ್ಲಿ ಬರ್ಕೊಂಡ್ರು. ಬುಕ್ ಆಫ್ ನೀಗ್ರೋಸ್ ಅಂತಾರೆ ಅದಕ್ಕೆ. ಬರೆದಿದ್ದು ಇವರ ಮೇಲಿನ ಪ್ರೀತಿಗಲ್ಲ, ಅಮೆರಿಕದ ಮಾಲೀಕರು ನಾಳೆ ನಮ್ಮ ಆಸ್ತಿ ಕದ್ಕೊಂಡು ಹೋದ್ರಿ ಅಂತ ಪರಿಹಾರ ಕೇಳಿದ್ರೆ ಲೆಕ್ಕ ಇರ್ಲಿ ಅಂತ. ದನದ ಪಟ್ಟಿ ಥರ ಬರೆದ ಆ ಪುಸ್ತಕಾನೇ ಈಗ ಇಲ್ಲಿಯ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ತಮ್ಮ ಮೂಲ ಹುಡುಕೋಕೆ ದಾರಿ. ಬರ್ಚ್‌ಟೌನ್ ಹೆಸರೂ ಅವರಿಗೆ ಸ್ವಾತಂತ್ರ್ಯದ ಸರ್ಟಿಫಿಕೇಟ್‌ಗೆ ಸಹಿ ಹಾಕಿದ ಜನರಲ್ ಬರ್ಚ್ ನೆನಪಿಗೆ ಇಟ್ಟಿದ್ದು, ನೋಡಿ ಕಾಗದದ ಬೆಲೆ.

ಆಫ್ರಿಕದ ಹೊರಗೆ ಆ ಕಾಲದಲ್ಲಿ ಸ್ವತಂತ್ರ ಕಪ್ಪು ಜನ ಇಷ್ಟು ದೊಡ್ಡ ಸಂಖ್ಯೇಲಿ ಒಟ್ಟಿಗಿದ್ದ ಊರುಗಳು ತೀರಾ ಕಮ್ಮಿ, ಇಲ್ಲಿ ಸಾವಿರದ ಐನೂರರ ಮೇಲಿದ್ರು. ಕೊಡ್ತೀವಿ ಅಂದಿದ್ದ ಜಮೀನು ಎಷ್ಟೋ ಜನಕ್ಕೆ ಬರ್ಲೇ ಇಲ್ಲ, ಸಿಕ್ಕಿದೋರಿಗೂ ಕಲ್ಲಿನ ತುಂಡು. ಮೊದಲ ಚಳಿಗಾಲ ಎಷ್ಟೋ ಜನ ನೆಲದಲ್ಲಿ ಗುಂಡಿ ತೋಡಿ ಮೇಲೆ ಮರದ ಮಾಡು ಹಾಕ್ಕೊಂಡು ಕಳೆದ್ರು, ಅಂಥ ಒಂದು ಗುಂಡಿಮನೆ ಮಾದರಿ ಅಲ್ಲಿ ಮಾಡಿಟ್ಟಿದಾರೆ. ಮಗಳು ಒಳಗಿಳಿದು ಒಂದು ನಿಮಿಷಕ್ಕೆ ಮೇಲೆ ಬಂದ್ಲು. ಜುಲೈ ಬಿಸಿಲಲ್ಲೇ ಅಲ್ಲಿ ತಣ್ಣಗಿತ್ತು. 1784ರ ಜುಲೈನಲ್ಲಿ ಪಕ್ಕದ ಶೆಲ್ಬರ್ನ್‌ನಲ್ಲಿ ಸೈನ್ಯದಿಂದ ಬಿಡುಗಡೆಯಾದ ಬಿಳಿ ಸೈನಿಕರು, ಇವರು ಕಮ್ಮಿ ಕೂಲಿಗೆ ಕೆಲಸ ಮಾಡಿ ನಮ್ಮ ಹೊಟ್ಟೆ ಮೇಲೆ ಹೊಡೀತಿದಾರೆ ಅಂತ ಗಲಾಟೆ ಎಬ್ಬಿಸಿ, ಬೋಧಕ ಡೇವಿಡ್ ಜಾರ್ಜ್ ಮನೆ ಸೇರಿ ಕಪ್ಪು ಜನರ ಮನೆಗಳನ್ನ ಕೆಡವಿ ಹಾಕಿದ್ರು. ಥಾಮಸ್ ಪೀಟರ್ಸ್ ಅನ್ನೋರು ಜನರ ಅರ್ಜಿ ಹಿಡ್ಕೊಂಡು ಲಂಡನ್ನಿಗೇ ಹೋದ್ರು, ಕೊನೆಗೆ 1792ರ ಜನವರೀಲಿ ಹದಿನೈದು ಹಡಗಲ್ಲಿ ಸುಮಾರು ಸಾವಿರದ ಇನ್ನೂರು ಜನ ಈ ದೇಶಾನೇ ಬೇಡ ಅಂತ ಸಿಯೆರಾ ಲಿಯೋನಿಗೆ ಹೋಗಿ ಫ್ರೀಟೌನ್ ಕಟ್ಟಿದ್ರು.

ಉಳಿದೋರ ಕಥೆ ಬ್ಲ್ಯಾಕ್ ಲಾಯಲಿಸ್ಟ್ ಹೆರಿಟೇಜ್ ಸೊಸೈಟಿಯದ್ದು. ಸಣ್ಣ ಸಂಘ. ಊರ ಹಿರಿಯರ ಮಾತು, ಮನೆತನದ ದಾಖಲೆ, ಫೋಟೋ ಎಲ್ಲ ಕೂಡಿಸಿ ಆಫೀಸಲ್ಲಿ ಇಟ್ಕೊಂಡಿದ್ರು, 2006ರಲ್ಲಿ ಯಾರೋ ಬೆಂಕಿ ಇಟ್ರು. ಕೂಡಿಸಿದ್ದ ಎಷ್ಟೋ ಕಾಗದ ಬೂದಿ ಆಯ್ತು. ಅಷ್ಟಾದ್ಮೇಲೂ ಮತ್ತೆ ಮನೆ ಮನೆಗೆ ಹೋಗಿ ಕೇಳಿ, ಚಂದಾ ಎತ್ತಿ, ಸರ್ಕಾರದ ಹಿಂದೆ ಬಿದ್ದು ಒಂಬತ್ತು ವರ್ಷಕ್ಕೆ, 2015ರಲ್ಲಿ, ಈಗಿರೋ ದೊಡ್ಡ ಮ್ಯೂಸಿಯಂ ತೆರೆದ್ರು. ಯಾರಿಗೂ ಗೊತ್ತಿಲ್ಲದ ಮೂಲೆ ಊರಲ್ಲಿ ಇಂಥ ಕಟ್ಟಡ ನೋಡಿದಾಗ ಅದರ ಹಿಂದಿನ ಹಟಾನೇ ಜಾಸ್ತಿ ಕಾಣುತ್ತೆ. ಹೊರಡೋ ಮುಂಚೆ ಶೆಲ್ಬರ್ನ್ ಒಳಗೆ ಒಂದು ಸುತ್ತು ಹಾಕಿದ್ವಿ, ಹಳೇ ಮರದ ಮನೆಗಳ ಚಂದದ ಬಂದರು. ಅದರ ದಕ್ಷಿಣದ ಅಂಚಿಗೆ, ಕಪ್ಪು ಜನರ ಮನೆಗಳ ಪಕ್ಕಕ್ಕೇ, 2016ರ ತನಕ ಊರಿನ ಕಸದ ಡಂಪ್ ಇತ್ತು ಅಂತ ಟೂರಿಸ್ಟ್ ಬ್ರೋಶರಲ್ಲಿ ಬರೆದಿರಲ್ಲ.

ಭಾನುವಾರ

ಪ್ರತಿ ವರ್ಷ ಜುಲೈನಲ್ಲಿ ಆಫ್ರಿಕ್‌ವಿಲ್ ಜನ ತಮ್ಮ ಊರಿದ್ದ ಜಾಗಕ್ಕೆ ವಾಪಸ್ ಬರ್ತಾರೆ. ಟೊರಾಂಟೊ, ಮಾಂಟ್ರಿಯಲ್, ಎಲ್ಲೆಲ್ಲಿಂದಲೋ ಬಂದು ಟೆಂಟು, ಕ್ಯಾಂಪರ್ ವ್ಯಾನು ಹಾಕ್ಕೊಂಡು ಅಲ್ಲೇ ಉಳೀತಾರೆ, ತಮ್ಮ ಮನೆ ಎಲ್ಲಿತ್ತೋ ಸಾಧ್ಯ ಆದ್ರೆ ಅಲ್ಲೇ. ನಮ್ಮ ಟಿಕೆಟ್ ಬುಕ್ ಮಾಡಿದ್ದೇ ಈ ರಿಯೂನಿಯನ್ ನೋಡ್ಕೊಂಡು. ಹೊರಗಿನೋರು ಹೋಗ್ಬಹುದಾ ಅಂತ ಅನುಮಾನ ಇತ್ತು, ಭಾನುವಾರದ ಪ್ರಾರ್ಥನೆಗೆ ಯಾರು ಬಂದ್ರೂ ಸರಿ ಅಂದ್ರು.

ಜಾಗ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅಷ್ಟು ಚಂದ. ಬೆಡ್‌ಫರ್ಡ್ ಬೇಸಿನ್ ನೀರು ಕೈಗೆಟುಕೋ ಹಂಗೆ, ಹಸಿರು ಇಳಿಜಾರು, ಒಂದು ಕಡೆ 1970ರಲ್ಲಿ ಆದ ಮ್ಯಾಕೇ ಸೇತುವೆ. 1848ರಲ್ಲಿ ಇಲ್ಲಿ ಕಪ್ಪು ಕುಟುಂಬಗಳು ದುಡ್ಡು ಕೊಟ್ಟು ಜಮೀನು ತಗೊಂಡ ದಾಖಲೆ ಇದೆ, ಮಾರನೇ ವರ್ಷವೇ ಚರ್ಚು. ಆಮೇಲೆ ಊರಿನ ನಡುವೆ ರೈಲು ಹಳಿ ಬಂತು, ಮೇಲ್ಗಡೆ ಜೈಲು, ಪಕ್ಕದಲ್ಲಿ ಸಾಂಕ್ರಾಮಿಕ ರೋಗದ ಆಸ್ಪತ್ರೆ, ಕಸಾಯಿಖಾನೆ, 50ರ ದಶಕದಲ್ಲಿ ಸಿಟಿಯೋರು ತಮ್ಮ ಕಸದ ಡಂಪನ್ನೂ ಇಲ್ಲೇ ತಂದಿಟ್ರು. ತೆರಿಗೆ ತಗೊಂಡ್ರು, ನಲ್ಲಿ ನೀರು ಕೊಡ್ಲಿಲ್ಲ, ಚರಂಡಿ ಕೊಡ್ಲಿಲ್ಲ. ಬಾವಿ ಹತ್ರ ನೀರು ಕಾಯಿಸಿ ಕುಡೀರಿ ಅಂತ ಬೋರ್ಡು ನೆಟ್ಟು ಕೈ ತೊಳ್ಕೊಂಡ್ರು, ಆ ಬೋರ್ಡಿನ ಫೋಟೋ ಮಗಳ ಚಾರ್ಟಲ್ಲೂ ಇತ್ತು. ಇಷ್ಟೆಲ್ಲ ಮಾಡಿ ಕೊನೆಗೆ ಇದು ಕೊಳೆಗೇರಿ, ನಿಮ್ಮ ಒಳ್ಳೇದಕ್ಕೇ ಎಬ್ಬಿಸ್ತೀವಿ ಅಂದ್ರು. ಸುಮಾರು 400 ಜನ, 80 ಕುಟುಂಬ. ಪಕ್ಕಾ ಪತ್ರ ತೋರಿಸೋಕಾಗದೋರಿಗೆ 500 ಡಾಲರ್. ಸಾಮಾನು ಸಾಗಿಸೋಕೆ ಕಳಿಸಿದ್ದು ಸಿಟಿಯ ಕಸದ ಲಾರಿ. ಚರ್ಚನ್ನ 1967ರಲ್ಲಿ ಒಂದು ರಾತ್ರಿ ಬುಲ್ಡೋಜರಲ್ಲಿ ಕೆಡವಿದ್ರು, ಹಗಲಲ್ಲಿ ಮಾಡೋಕೆ ಧೈರ್ಯ ಇರ್ಲಿಲ್ಲ ಅಂತ ಕಾಣುತ್ತೆ. ಕೊನೇಯವರಾಗಿ ಹೊರಟಿದ್ದು ಪಾ ಕಾರ್ವರಿ ಅನ್ನೋ ಹಿರಿಯರು, 1970ರ ಜನವರಿ. ಎದ್ದೋರಲ್ಲಿ ಎಷ್ಟೋ ಜನ ಹೋಗಿ ಸೇರಿದ್ದು ನಾವು ಗುರುವಾರ ನಡೆದ ಗಾಟಿಂಗನ್ ಸ್ಟ್ರೀಟ್ ಪಕ್ಕದ ಯೂನಿಯಾಕ್ ಸ್ಕ್ವೇರ್ ಅನ್ನೋ ಸರ್ಕಾರಿ ಬಾಡಿಗೆ ಮನೆಗಳಿಗೆ. ಸ್ವಂತ ಮನೆಯೋರು ಬಾಡಿಗೆದಾರರಾದ್ರು.

ಎಡ್ಡಿ ಕಾರ್ವರಿ ಅನ್ನೋರು 1970ರಿಂದ ಇದೇ ಜಾಗದಲ್ಲಿ ಟೆಂಟು, ಆಮೇಲೆ ಟ್ರೇಲರ್ ಹಾಕ್ಕೊಂಡು ದಶಕಗಟ್ಟಲೆ ಧರಣಿ ಕೂತ್ರು. ಇನ್ನೊಂದು ಕಡೆ, 80ರ ದಶಕದ ಶುರುವಿನಲ್ಲಿ ಇಲ್ಲೇ ಆಡಿ ಬೆಳೆದ ಮೂವರು ಗೆಳತಿಯರು, ಡೆಬೊರಾ ಡಿಕ್ಸನ್ ಜೋನ್ಸ್, ಲಿಂಡಾ ಮ್ಯಾಂಟ್ಲಿ, ಬ್ರೆಂಡಾ ಸ್ಟೀಡ್ ರಾಸ್, ಆಫ್ರಿಕ್‌ವಿಲ್ ಜೀನಿಯಾಲಜಿ ಸೊಸೈಟಿ ಅಂತ ಶುರು ಮಾಡಿದ್ರು. ವಂಶಾವಳಿ ಸಂಘ! ಹೋರಾಟ ಸಮಿತಿ ಅಂತಲೂ ಅಲ್ಲ, ಯಾರ್ಯಾರು ಯಾವ ಮನೆಯೋರು ಅಂತ ಬರ್ಕೊಳ್ಳೋ ಸಂಘ. ಚೆಲ್ಲಾಪಿಲ್ಲಿ ಆದೋರ ಪಟ್ಟಿ ಮಾಡಿ ವರ್ಷಕ್ಕೊಮ್ಮೆ ಪಿಕ್ನಿಕ್ಕಿಗೆ ಕರೆಯೋದು, ಅಷ್ಟೇ ಮೊದಲು. ಆ ಸಂಘಾನೇ ಆಮೇಲೆ ಸಿಟಿ ಮೇಲೆ ಕೇಸು ಹಾಕ್ತು, 1996ರಲ್ಲಿ ಜಾಗನ ರಾಷ್ಟ್ರೀಯ ಚಾರಿತ್ರಿಕ ಸ್ಥಳ ಅಂತ ಘೋಷಿಸಿದ್ರು, 2010ರ ಫೆಬ್ರವರಿ 24ಕ್ಕೆ ಮೇಯರ್ ಕ್ಷಮೆ ಕೇಳಿ, ಎರಡೂವರೆ ಎಕರೆ ಜಾಗ ಮತ್ತೆ ಮೂವತ್ತು ಲಕ್ಷ ಡಾಲರ್ ಕೊಟ್ರು, ಹಳೇ ಚರ್ಚಿನ ಥರದ್ದೇ ಕಟ್ಟಡ ಕಟ್ಟಿ ಮ್ಯೂಸಿಯಂ ಮಾಡೋಕೆ.

ಒಬ್ಬೊಬ್ಬರಿಗೆ ಅಂತ ಪರಿಹಾರ ಮಾತ್ರ ಇಲ್ಲ. ಇದರ ಮೇಲೆ ಒಳಗೊಳಗೇ ಜಗಳ ಇದೆ, ಸಂಘ ಒಪ್ಕೊಂಡಿದ್ದು ತಪ್ಪು ಅನ್ನೋರೂ ಇದಾರೆ, ಅವತ್ತು ಅಷ್ಟಾದ್ರೂ ಸಿಕ್ತಲ್ಲ ಅನ್ನೋರೂ ಇದಾರೆ. ನಂಗೆ ಮೊದಲನೇವ್ರ ಮಾತೇ ಸರಿ ಅನ್ನಿಸ್ತು. ಮ್ಯೂಸಿಯಂ ಕಟ್ಟಿ ಕೊಟ್ಟು ಮನೆ ಲೆಕ್ಕ ಚುಕ್ತಾ ಅನ್ನೋದು ಸರ್ಕಾರಗಳಿಗೆ ಸುಲಭದ ದಾರಿ.

ಪ್ರಾರ್ಥನೆ ಶುರು ಆದಾಗ ನಾವು ಹಿಂದೆ ನಿಂತಿದ್ವಿ, ಒಬ್ಬ ಅಜ್ಜಿ ತಮ್ಮ ಪಕ್ಕದ ಎರಡು ಫೋಲ್ಡಿಂಗ್ ಕುರ್ಚಿ ಎಳೆದು ಕೂತ್ಕೊಳ್ಳಿ ಅಂತ ಕೈಸನ್ನೆ ಮಾಡಿದ್ರು. ಹಾಡು ಶುರುವಾದ್ರೆ ಮುಗಿಯೋದೇ ಗೊತ್ತಾಗಲ್ಲ, ಒಬ್ರು ಬಿಟ್ಟಲ್ಲಿ ಇನ್ನೊಬ್ರು ಹಿಡೀತಾರೆ, ನಮ್ಮ ಮಗಳು ಮೊದಲ ಸಲ ಫೋನ್ ತೆಗೀದೆ ಒಂದು ಗಂಟೆ ಕೂತಿದ್ದು. ಆಮೇಲೆ ಊರಿನ ಮನೆತನಗಳ ಹೆಸರು ಕೆತ್ತಿರೋ ಸ್ಮಾರಕದ ಹತ್ರ ಮಕ್ಕಳಿಗೆಲ್ಲ ದೊಡ್ಡೋರು ಬೆರಳಿಟ್ಟು ಇದು ನಿನ್ನ ಮುತ್ತಜ್ಜನ ಕಡೆ, ಇದು ನಿನ್ನ ಅಮ್ಮನ ಕಡೆ ಅಂತ ಹೇಳ್ತಾ ಇದ್ರು. ಅಜ್ಜಿ ನಾವು ಎಲ್ಲಿಯೋರು ಅಂತ ಕೇಳಿದ್ರು, ಇಂಡಿಯಾ, ನಮ್ಮಜ್ಜನ ಊರೂ ಡ್ಯಾಮಲ್ಲಿ ಮುಳುಗ್ತು ಅಂದೆ. "ನೀವು ವರ್ಷಕ್ಕೊಮ್ಮೆ ಸೇರ್ತೀರಾ?" ಅಂದ್ರು. ಇಲ್ಲ ಅಂದೆ. "ಯಾಕೆ?" ಅಂದ್ರು. ಉತ್ತರ ಹೊಳೀಲಿಲ್ಲ, ನೀರು ಕೆಳಗಿಳಿದಾಗ ಹಳೇ ದೇವಸ್ಥಾನ, ರಸ್ತೆ ಕಾಣ್ತವೆ ಅಂತ ಫೋಟೋ ಹಾಕೋದು ಬಿಟ್ರೆ ನಾವು ಏನೂ ಮಾಡಿಲ್ಲ. ಯಾರ್ಯಾರ ಮನೆ ಎಲ್ಲಿತ್ತು ಅಂತ ಗೊತ್ತಿರೋರು ಅಪ್ಪಯ್ಯನ ವಯಸ್ಸಿನೋರು, ಅವರೂ ಕಮ್ಮಿ ಆಗ್ತಿದಾರೆ.

ಸೋಮವಾರ

ಫ್ಲೈಟ್ ಸಂಜೆಗೆ. ಬೆಳಿಗ್ಗೆ ನಾರ್ತ್ ಎಂಡ್‌ನಲ್ಲೇ ಹೋಪ್ ಬ್ಲೂಮ್ಸ್ ತೋಟ ನೋಡೋಕೆ ಹೋದ್ವಿ. 2008ರಲ್ಲಿ ಪಾಳು ಬಿದ್ದಿದ್ದ ಸಮುದಾಯದ ತೋಟನ ಒಬ್ರು ಡಯಟಿಷಿಯನ್ ಆ ಬೀದಿ ಮಕ್ಕಳನ್ನ ಕಟ್ಕೊಂಡು ಮತ್ತೆ ಶುರು ಮಾಡಿದ್ದು, ಜಾಸ್ತಿ ಕಪ್ಪು ಮಕ್ಕಳು, ಜೊತೆಗೆ ಹೊಸದಾಗಿ ವಲಸೆ ಬಂದೋರ ಮಕ್ಕಳು. ಬೆಳೆದ ಸೊಪ್ಪಲ್ಲಿ ಸಲಾಡ್ ಡ್ರೆಸಿಂಗ್ ಮಾಡಿ ಮಾರಿ ಆ ದುಡ್ಡಲ್ಲಿ ಮಕ್ಕಳ ಕಾಲೇಜಿಗೆ ಸ್ಕಾಲರ್‌ಶಿಪ್ ಇಡ್ತಾರೆ. 2013ರಲ್ಲಿ, ಹೊಸ ವ್ಯಾಪಾರಗಳಿಗೆ ಉದ್ಯಮಿಗಳು ದುಡ್ಡು ಹಾಕೋ ಡ್ರ್ಯಾಗನ್ಸ್ ಡೆನ್ ಅನ್ನೋ ಟಿವಿ ಶೋಗೆ ಮಕ್ಕಳೇ ಹೋಗಿ ಮಾತಾಡಿದ್ರು, ಆ ಉದ್ಯಮಿಗಳಲ್ಲಿ ನಾಲ್ಕು ಜನ ತಲಾ ಹತ್ತು ಸಾವಿರ ಡಾಲರ್ ಪಾಲು ಕೇಳದೇನೇ ಕೊಟ್ರು. ನಮ್ಮನೆಯವರಿಗೆ ಈ ಟ್ರಿಪ್ಪಲ್ಲಿ ಅತಿ ಇಷ್ಟ ಆಗಿದ್ದು ಇದೇ, ಟೊಮ್ಯಾಟೊ ಬಳ್ಳಿ ಕಟ್ಟಿರೋ ರೀತಿ ಸರಿ ಇಲ್ಲ ಅಂತ ಬೇಲಿ ಹೊರಗಿಂದಾನೇ ಹೇಳ್ತಾ ಇದ್ರು ಮಾರಾಯ್ರೆ.

ಓದಿನ ಕಡೆ ಎರಡು ಸಂಸ್ಥೆ ಹೇಳಲೇಬೇಕು. ಬ್ಲ್ಯಾಕ್ ಎಜುಕೇಟರ್ಸ್ ಅಸೋಸಿಯೇಶನ್ 1969ರದ್ದು, ಕಪ್ಪು ಟೀಚರುಗಳೇ ಕಟ್ಟಿದ್ದು, ಸ್ಕೂಲ್ ಬಿಟ್ಟ ಮೇಲೆ ಊರೂರಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಡ್ತಾರೆ, ಗಣಿತದ ಜೊತೆಗೇ ತಮ್ಮ ಇತಿಹಾಸ. ಇಮ್‌ಹೋಟೆಪ್ಸ್ ಲೆಗಸಿ ಅಕಾಡೆಮಿ ಡಾಲ್‌ಹೌಸಿ ಯೂನಿವರ್ಸಿಟೀಲಿದೆ, ಕಾಲೇಜು ಹುಡುಗರು ಬಂದು ಶಾಲೆ ಮಕ್ಕಳಿಗೆ ವಿಜ್ಞಾನ ಕಲಿಸೋದು. ರಜೆ ಕಾಲ, ಎರಡನ್ನೂ ಕೆಲಸ ಮಾಡ್ತಿರೋದನ್ನ ನೋಡೋಕಾಗ್ಲಿಲ್ಲ.

ಉಳಿದ ಹೊತ್ತಲ್ಲಿ ಹಾರ್ಬರ್ ಫೆರಿ ಹತ್ತಿ ಡಾರ್ಟ್‌ಮತ್‌ಗೆ ಹೋಗಿ ಬಂದ್ವಿ, ಬಸ್ ಟಿಕೆಟ್ಟಿನಷ್ಟೇ ದುಡ್ಡು, ದೋಣಿಗಳಲ್ಲಿ ಒಂದರ ಹೆಸರು ವಯೋಲಾ ಡೆಸ್ಮಂಡ್. ನಮಗೆ ಸಿಕ್ಕಿದ್ದು ಬೇರೆ ದೋಣಿ.

ಹೋಗೋರಿಗೆ ಒಂದೆರಡು ಮಾತು. ಕಾರಿಲ್ಲದೆ ಬರ್ಚ್‌ಟೌನ್ ಆಗಲ್ಲ, ಚೆರ್ರಿ ಬ್ರೂಕ್ ಕಷ್ಟ. ಮ್ಯೂಸಿಯಂಗಳ ಟೈಮು ಸೀಸನ್‌ಗೆ ತಕ್ಕಂಗೆ ಬದಲಾಗುತ್ತೆ, ಮುಂಚೆ ಫೋನ್ ಮಾಡಿ. ರಿಯೂನಿಯನ್‌ಗೆ ಹೋದ್ರೆ ಟೆಂಟುಗಳ ಫೋಟೋ ಹೊಡೀಬೇಡಿ, ಅದು ಅವರ ಮನೆ ಅಂಗಳ. ನಮಗೆ ಗೈಸ್‌ಬರೋ ಕಡೆಯ ಲಿಂಕನ್‌ವಿಲ್, ಸನ್ನಿವಿಲ್ ಉಳೀತು, ಅಲ್ಲೂ ಜಮೀನಿನ ಫೈಲುಗಳು ಇನ್ನೂ ಓಡಾಡ್ತಿವೆ, ಮುಂದಿನ ಬೇಸಿಗೆಗೆ ಆ ಕಡೆಯಿಂದಾನೇ ಶುರು ಮಾಡ್ಬೇಕು, ಲೈಟ್‌ಹೌಸ್ ಬೇಕಾದ್ರೆ ಆವಾಗ ನೋಡೋಣ.